.22 ರೈಫಲ್‌ನ ನಳಿಗೆ: ಎಲ್ಲಿ ಉಜ್ಜಬೇಕು, ಎಲ್ಲಿ ಸುಮ್ಮನಿರಬೇಕು

ಪ್ರಶ್ನೆ: ನಾವು ವಿರಾಜಪೇಟೆ ಕಡೆಯವರು. ಮನೆಯಲ್ಲಿ ಅಜ್ಜನ ಕಾಲದ ಬ್ರನೋ .22 ಬೋಲ್ಟ್ ರೈಫಲ್ ಇದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇದ್ದಾಗ ಹೊರಗೆ ತೆಗೆಯುತ್ತೇವೆ. ಪ್ರತಿ ಸಲ ಹೊಡೆದ ಮೇಲೆ ತಂತಿ ಬ್ರಷ್ ಹಾಕಿ ನಳಿಗೆ ಫಳಫಳ ಹೊಳೆಯುವವರೆಗೆ ಉಜ್ಜಬೇಕು ಅನ್ನುತ್ತಾರೆ ಅಪ್ಪ. ಬೆಂಗಳೂರಿನಲ್ಲಿ ರೇಂಜಿಗೆ ಹೋಗುವ ಗೆಳೆಯ .22ರ ನಳಿಗೆಯನ್ನು ಮುಟ್ಟಲೇಬೇಡ ಅನ್ನುತ್ತಾನೆ. ಉಜ್ಜಿದ ಮರುದಿನ ಗುಂಡು ಎಲ್ಲೆಲ್ಲೋ ಹೋಗುವುದಂತೂ ನಿಜ. ಈಚೆಗೆ ಖಾಲಿ ಕೇಸು ಹೊರಗೆ ಬರುವಾಗ ಸಿಕ್ಕಿಕೊಳ್ಳುತ್ತಿದೆ ಬೇರೆ. ಯಾರ ಮಾತು ಕೇಳಲಿ? ಮನೆಯಲ್ಲಿರುವ ತೆಂಗಿನೆಣ್ಣೆ ಹಾಕಬಹುದಾ?

ಉತ್ತರ: ತೆಂಗಿನೆಣ್ಣೆ ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಅಪ್ಪ ಮತ್ತು ಗೆಳೆಯನ ಜಗಳ ಬಗೆಹರಿಸೋಣ.

ಅಪ್ಪನ ಮಾತು ಸುಮ್ನೆ ಬಂದದ್ದಲ್ಲ. ಅವರ ಅಪ್ಪ, ಅಜ್ಜ ಹೊಡೆಯುತ್ತಿದ್ದದ್ದು ಕೇಪಿನ ಕೋವಿ ಇರಬೇಕು, ಕರಿಮದ್ದು ತುಂಬಿ ಹೊಡೆಯುವಂಥದ್ದು. ಕರಿಮದ್ದು ಸುಟ್ಟ ಮೇಲೆ ಒಳಗೆ ಉಳಿಯುವ ಬೂದಿ ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ. ಕೊಡಗಿನ ಮಳೆಯಲ್ಲಿ ಒಂದು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ನಳಿಗೆಯೊಳಗೆ ಕೆಂಪು ತುಕ್ಕು. ಹಾಗಾಗಿ ಅವತ್ತೇ ಬಿಸಿನೀರು ಹುಯ್ದು, ಉಜ್ಜಿ, ಒಣಗಿಸಿ, ಎಣ್ಣೆ ಸವರಲೇಬೇಕಿತ್ತು. ಹಳೆಯ .22 ತೋಟಾಗಳ ಕಥೆಯೂ ಹೆಚ್ಚು ಕಡಿಮೆ ಇದೇ. ಮದ್ದಿಗೆ ಮೊದಲ ಕಿಡಿ ಕೊಡುವ ಅವುಗಳ ಪ್ರೈಮರ್‌ನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು, ಅದು ಸುಟ್ಟರೆ ಉಪ್ಪಿನ ಜಾತಿಯ ಪುಡಿ ಉಳಿಯುತ್ತದೆ. ಉಪ್ಪು, ತೇವ, ಉಕ್ಕು ಮೂರೂ ಒಂದೇ ಕಡೆ ಸೇರಿದರೆ ಏನಾಗುತ್ತದೆ ಅಂತ ಕರಾವಳಿಯವರನ್ನು ಕೇಳಿ. 1920ರ ದಶಕದಲ್ಲಿ ತುಕ್ಕು ತರಿಸದ ಪ್ರೈಮರ್‌ಗಳು ಮಾರುಕಟ್ಟೆಗೆ ಬಂದವು, ಆಮೇಲೆ ನಿಧಾನಕ್ಕೆ ಎಲ್ಲ ಕಂಪನಿಗಳೂ ಅದಕ್ಕೇ ಬಂದರು. ಗುಂಡು ಬದಲಾಯಿತು, ಉಜ್ಜುವ ಅಭ್ಯಾಸ ಮಾತ್ರ ಮನೆಯಲ್ಲಿ ಹಾಗೇ ಉಳಿಯಿತು.

ಈಗಿನ .22 ತೋಟಾ ಹೇಗಿದೆ ಅಂತ ಒಂದು ಸಲ ಕೈಯಲ್ಲಿ ಹಿಡಿದು ನೋಡಿ. .22 ಲಾಂಗ್ ರೈಫಲ್ ಅನ್ನುವ ಈ ತೋಟಾ ಅಮೆರಿಕದಲ್ಲಿ ಬಂದದ್ದು 1887ರಲ್ಲಿ, ಆಕಾರ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಗುಂಡು ಸಾಮಾನ್ಯವಾಗಿ ಬರೀ ಸೀಸ, 40 ಗ್ರೇನ್, ಅಂದರೆ 2.6 ಗ್ರಾಂ. ಅದರ ಮೇಲೆ ಬೆರಳಿಗೆ ಅಂಟುವ ಮೇಣ ಅಥವಾ ಗ್ರೀಸ್. ಸ್ಪರ್ಧೆಯ ಗುಂಡಿನ ವೇಗ ಸೆಕೆಂಡಿಗೆ ಸುಮಾರು 325–330 ಮೀಟರ್, ಶಬ್ದದ ವೇಗಕ್ಕಿಂತ ತುಸು ಕಡಿಮೆ. ಒಳಗಿನ ಒತ್ತಡ ದೊಡ್ಡ ರೈಫಲ್‌ಗಳ ಅರ್ಧದಷ್ಟೂ ಇಲ್ಲ. ಸೀಸ ಮೆತ್ತಗಿನ ಲೋಹ, ಜೊತೆಗೆ ಮೇಣ ಇದೆ, ವೇಗ ಕಡಿಮೆ. ಇಂಥ ಗುಂಡು ನಳಿಗೆಯನ್ನು ಸವೆಸುವುದು ಬಹಳ ನಿಧಾನ. ಹತ್ತಾರು ಸಾವಿರ ಗುಂಡು ಹೊಡೆದ ಮೇಲೂ ಗುರಿ ಬಿಡದ ಸ್ಪರ್ಧೆಯ ರೈಫಲ್‌ಗಳು ಬೇಕಾದಷ್ಟಿವೆ. ಅದಕ್ಕೇ ನಾನು ಹೇಳುವುದು, .22ರ ನಳಿಗೆ ಹಾಳಾಗುವುದು ಗುಂಡಿನಿಂದ ಅಲ್ಲ, ಜಾಸ್ತಿ ಪಾಲು ಕ್ಲೀನ್ ಮಾಡುವ ರಾಡಿನಿಂದ, ಮತ್ತೆ ನಮ್ಮ ಕಡೆ ಮಳೆಗಾಲದಿಂದ.

ಉಜ್ಜಿದ ಮರುದಿನ ಗುಂಡು ಎಲ್ಲೆಲ್ಲೋ ಹೋಗುವುದಕ್ಕೂ ಆ ಮೇಣವೇ ಕಾರಣ. ಒಂದೊಂದು ಗುಂಡು ಹೋಗುವಾಗಲೂ ನಳಿಗೆಯೊಳಗೆ ತೆಳ್ಳಗೆ ಮೇಣ ಸವರಿಕೊಂಡು ಹೋಗುತ್ತದೆ. ಕೆಲವು ಗುಂಡು ಆದ ಮೇಲೆ ಆ ಪದರ ಎಲ್ಲಾ ಕಡೆ ಒಂದೇ ಸಮ ಆಗಿ, ಮುಂದಿನ ಗುಂಡುಗಳಿಗೆಲ್ಲ ಒಂದೇ ತರಹದ ದಾರಿ ಸಿಗುತ್ತದೆ. ದೋಸೆ ಕಾವಲಿಯನ್ನು ಸೋಪು ಹಾಕಿ ತಿಕ್ಕಿ ತೊಳೆದರೆ ಮೊದಲ ಎರಡು ದೋಸೆ ಏಳುವುದಿಲ್ಲ ಅಲ್ವಾ, ಇದೂ ಹಾಗೆಯೇ. ನೀವು ಸಾಲ್ವೆಂಟ್ (ಕೊಳೆ ಕರಗಿಸುವ ದ್ರವ) ಹಾಕಿ, ಬ್ರಷ್ ಹಾಕಿ, ಬಿಳಿ ಬಟ್ಟೆ ಬಿಳಿಯಾಗೇ ಹೊರಗೆ ಬರುವವರೆಗೆ ಉಜ್ಜಿದಿರಿ ಅಂದರೆ ಆ ಪದರವನ್ನೇ ಕಿತ್ತು ಹಾಕಿದಿರಿ. ಅದು ಮತ್ತೆ ಕೂರುವುದಕ್ಕೆ ಕೆಲವು ನಳಿಗೆಗೆ 5 ಗುಂಡು ಸಾಕು, ಕೆಲವಕ್ಕೆ 20 ಬೇಕು. ಗುಂಡಿನ ಕಂಪನಿ ಬದಲಿಸಿದರೂ ಇದೇ ಕಥೆ, ಯಾಕೆಂದರೆ ಒಬ್ಬೊಬ್ಬರ ಮೇಣ ಒಂದೊಂದು ತರ. ತೆಂಗಿನಕಾಯಿ ಸ್ಪರ್ಧೆಯಲ್ಲಿ ನಿಮಗೆ ಸಿಗುವುದೇ ಬೆರಳೆಣಿಕೆಯ ಗುಂಡು. ಹಿಂದಿನ ರಾತ್ರಿ ಫಳಫಳ ಉಜ್ಜಿ ಹೋದರೆ ಆ ಗುಂಡುಗಳೆಲ್ಲ ಮೇಣ ಬಳಿಯುವುದಕ್ಕೇ ಖರ್ಚು. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್‌ನಲ್ಲಿ ಇರುವುದೂ ಇದೇ .22 ತೋಟಾ. 2024ರಲ್ಲಿ ಪ್ಯಾರಿಸ್‌ನಲ್ಲಿ ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದರಲ್ಲೇ. ಅಲ್ಲಿ ಹತ್ತು ಅಂಕದ ವೃತ್ತದ ಅಗಲ ಬರೀ 10.4 ಮಿ.ಮೀ. ಆ ಮಟ್ಟದಲ್ಲೂ ಲೆಕ್ಕದ ಗುಂಡು ಶುರುವಾಗುವ ಮೊದಲು ಎಷ್ಟು ಬೇಕಾದರೂ ಪರೀಕ್ಷೆಯ ಗುಂಡು ಹೊಡೆದುಕೊಳ್ಳಬಹುದು. ನಿಮ್ಮ ಊರಿನ ಮೈದಾನದಲ್ಲಿ ಅಷ್ಟು ಅವಕಾಶ ಯಾರು ಕೊಡುತ್ತಾರೆ?

ಹಾಗಾದರೆ ಗೆಳೆಯ ಹೇಳಿದ್ದೇ ಸರಿಯಾ? ಅರ್ಧ ಸರಿ. ನಳಿಗೆಯ ಉದ್ದಕ್ಕೂ ಅವನ ಮಾತು ಸರಿ, ತೋಟಾ ಕೂರುವ ಚೇಂಬರ್ ಹತ್ತಿರ ಸರಿಯಲ್ಲ. ಚೇಂಬರ್ ಮುಗಿದು, ಗುಂಡನ್ನು ತಿರುಗಿಸುವ ಸುರುಳಿ ಗೆರೆ ಶುರುವಾಗುವ ಕಡೆ, ಅಂದರೆ ಕೇಸಿನ ಬಾಯಿಯಿಂದ ಸ್ವಲ್ಪ ಮುಂದೆ, ಮದ್ದಿನ ಬೆಂಕಿ ಎಲ್ಲಕ್ಕಿಂತ ಜೋರಾಗಿ ಬಡಿಯುತ್ತದೆ. ಅಲ್ಲಿ ಮಸಿ, ಕರಗಿದ ಮೇಣ, ಸೀಸ ಎಲ್ಲಾ ಸೇರಿ ಬೇಯುತ್ತಾ ಬೇಯುತ್ತಾ ಒಂದು ಗಟ್ಟಿ ಬಳೆ ಕಟ್ಟುತ್ತದೆ. ಶೂಟಿಂಗ್ ಮಾಡುವವರು ಇದನ್ನು ಕಾರ್ಬನ್ ರಿಂಗ್ ಅನ್ನುತ್ತಾರೆ. ಸಾಲದ್ದಕ್ಕೆ ಅನೇಕ .22 ಪ್ರೈಮರ್‌ಗಳಲ್ಲಿ ಸಣ್ಣ ಗಾಜಿನ ಪುಡಿ ಇರುತ್ತದೆ. ಪಿನ್ ಬಡಿದಾಗ ಉಜ್ಜಾಟದಿಂದ ಕಿಡಿ ಹತ್ತಲಿ ಅಂತ ಹಾಕುವುದು ಅದು. ಅದೂ ಈ ಮಸಿಯೊಳಗೆ ಸೇರಿಕೊಳ್ಳುತ್ತದೆ. ಬಳೆ ದಪ್ಪ ಆದಂತೆ ತೋಟಾ ಒಳಗೆ ಹೋಗುವಾಗ ಕೊನೆಯಲ್ಲಿ ಬಿಗಿಯಾಗುತ್ತದೆ, ತೋಟಾ ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟ್ ಹಾಕುವಾಗ ಕೈಗೆ ತಿಳಿಯುತ್ತದೆ, ಗುಂಡಿನ ಮೈಯನ್ನು ಅದು ಹಿಂಡುತ್ತದೆ, ಹತ್ತರಲ್ಲಿ ಎಂಟು ಒಂದೇ ಕಡೆ ಬಿದ್ದು ಎರಡು ಮಾತ್ರ ಆಚೆ ಹಾರುತ್ತವೆ. ವರ್ಷಗಟ್ಟಲೆ ಏನೂ ಮುಟ್ಟದವರ ರೈಫಲ್‌ನಲ್ಲಿ ನಾನು ಮೊದಲು ನೋಡುವ ಜಾಗ ಇದೇ.

ನಿಮ್ಮ ಖಾಲಿ ಕೇಸು ಸಿಕ್ಕಿಕೊಳ್ಳುವುದಕ್ಕೆ ಚೇಂಬರಿನ ಮಸಿ ಒಂದು ಕಾರಣ ಇರಬಹುದು. ಇನ್ನೊಂದು ಕಾರಣವೂ ಇದೆ, ಅದನ್ನು ಎಷ್ಟು ಕ್ಲೀನ್ ಮಾಡಿದರೂ ಸರಿಹೋಗುವುದಿಲ್ಲ. .22ರಲ್ಲಿ ಪಿನ್ ಹೊಡೆಯುವುದು ತೋಟಾದ ಅಂಚಿಗೆ. ತೋಟಾ ಇಲ್ಲದೆ ಸುಮ್ನೆ ಟ್ರಿಗರ್ ಎಳೆಯುತ್ತಿದ್ದರೆ ಕೆಲವು ಹಳೆಯ ರೈಫಲ್‌ಗಳಲ್ಲಿ ಪಿನ್ ನೇರ ಚೇಂಬರಿನ ಅಂಚಿಗೇ ಬಡಿಯುತ್ತದೆ. ದಿನಾ ಬಡಿದು ಬಡಿದು ಅಲ್ಲಿ ಒಂದು ಗುಳಿ ಬೀಳುತ್ತದೆ, ಎದ್ದ ಲೋಹ ಚೇಂಬರಿನ ಒಳಗೆ ಚೂರು ಚಾಚಿಕೊಳ್ಳುತ್ತದೆ, ಕೇಸು ಅದಕ್ಕೆ ತಗುಲುತ್ತದೆ. ಬೋಲ್ಟ್ ತೆಗೆದು ಟಾರ್ಚ್ ಬಿಟ್ಟು ಚೇಂಬರಿನ ಬಾಯಿಯ ಅಂಚು ನೋಡಿ. ಪಿನ್ನಿನ ಅಚ್ಚು ಒತ್ತಿದ ಗುರುತು ಕಂಡರೆ ಕಾರಣ ಸಿಕ್ಕಿತು. ಅರ ಹಿಡಿದು ನೀವೇ ಉಜ್ಜಬೇಡಿ. ಗನ್‌ಸ್ಮಿತ್‌ಗಳ ಹತ್ತಿರ ಆ ಲೋಹವನ್ನು ತಿರುಗಿ ಜಾಗಕ್ಕೆ ಒತ್ತುವ ಸಣ್ಣ ಉಪಕರಣ ಇರುತ್ತದೆ. ಹೋಗುವ ಅಂಗಡಿಗೆ ರಿಪೇರಿ ಲೈಸೆನ್ಸ್ ಇರಬೇಕು ಅನ್ನುವುದು ನೆನಪಿರಲಿ. ಲೈಸೆನ್ಸ್ ಬೇಡ ಅನ್ನುವ ಕೊಡಗಿನ ಜಮ್ಮಾ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಕಂಡವರ ಹತ್ತಿರ ರಿಪೇರಿ ಮಾಡಿಸುವುದಕ್ಕಲ್ಲ.

ಈಗ ರಾಡಿನ ವಿಷಯ. ಮೂರು ತುಂಡು ಜೋಡಿಸಿ ತಿರುಗಿಸುವ ಅಲ್ಯೂಮಿನಿಯಂ ರಾಡ್ ಮನೆಯಲ್ಲಿದ್ದರೆ ಅದನ್ನು ಬೇರೆ ಯಾವುದಕ್ಕಾದರೂ ಬಳಸಿ. ಜೋಡಣೆಯ ಅಂಚು ಗೆರೆಗಳಿಗೆ ತಗುಲುತ್ತದೆ, ಒತ್ತಿದರೆ ರಾಡ್ ಬಿಲ್ಲಿನಂತೆ ಬಾಗಿ ನಳಿಗೆಯ ಗೋಡೆಗೆ ಉಜ್ಜುತ್ತದೆ. ಅಲ್ಯೂಮಿನಿಯಂ ಮೆತ್ತಗೆ ಇದೆ, ಏನೂ ಮಾಡುವುದಿಲ್ಲ ಅಂತ ಕೆಲವರ ವಾದ. ಮೆತ್ತಗಿರುವುದೇ ತೊಂದರೆ. ಮರಳು, ಗಾಜಿನ ಪುಡಿ ಅದರ ಮೈಯಲ್ಲಿ ಹೂತುಕೊಂಡು ಕೂರುತ್ತವೆ, ಆಮೇಲೆ ಅದು ರಾಡ್ ಅಲ್ಲ, ಮರಳು ಕಾಗದ. ಒಂದೇ ತುಂಡಿನ ಉಕ್ಕಿನ ರಾಡ್, ಮೇಲೆ ನಯವಾದ ಪ್ಲಾಸ್ಟಿಕ್ ಲೇಪ ಇರುವಂಥದ್ದು, ಇಲ್ಲದಿದ್ದರೆ ಕಾರ್ಬನ್ ಫೈಬರ್‌ನದು ತೆಗೆದುಕೊಳ್ಳಿ. ನಿಮ್ಮ ಬ್ರನೋಗೆ 85–90 ಸೆಂ.ಮೀ. ಉದ್ದ ಸಾಕು. ಹಿಡಿ ತಾನೇ ತಿರುಗುವಂತಿರಬೇಕು, ಆಗ ಬಟ್ಟೆ ಗೆರೆಯ ಸುರುಳಿ ಹಿಡಿದು ಹೋಗುತ್ತದೆ. ಜೊತೆಗೆ ಬೋರ್ ಗೈಡ್ ಅನ್ನುವ ಪ್ಲಾಸ್ಟಿಕ್ ಕೊಳವೆ ಬೇಕು, ಬೋಲ್ಟ್ ಇರುವ ಜಾಗದಲ್ಲಿ ಕೂತು ರಾಡನ್ನು ನೇರ ಚೇಂಬರಿಗೆ ಕಳಿಸುತ್ತದೆ. ದುಡ್ಡು ಉಳಿಸಬೇಕಿದ್ದರೆ ಬೇರೆ ಕಡೆ ಉಳಿಸಿ, ಈ ಎರಡರಲ್ಲಿ ಬೇಡ.

ಯಾವಾಗಲೂ ಚೇಂಬರ್ ಕಡೆಯಿಂದಲೇ ತಳ್ಳಬೇಕು, ನಳಿಗೆಯ ಬಾಯಿಯಿಂದ ಅಲ್ಲ. ಗುಂಡು ರೈಫಲ್ಲನ್ನು ಕೊನೆಯದಾಗಿ ಮುಟ್ಟುವ ಜಾಗ ಆ ಬಾಯಿಯ ಅಂಚು. ಅದು ಸುತ್ತಲೂ ಒಂದೇ ಸಮ ಇರಬೇಕು. ಒಂದು ಪಕ್ಕ ಚೂರು ಸವೆದರೂ ಗುಂಡಿನ ಹಿಂದಿನ ಗಾಳಿ ಆ ಪಕ್ಕದಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಮುಂದಿನಿಂದ ರಾಡ್ ಹಾಕಿ ಹಾಕಿ ಬಾಯಿ ಸವೆದ ಹಳೆಯ ರೈಫಲ್ ಬೇಕಾದಷ್ಟು ಸಿಗುತ್ತವೆ. ಹಿಂದಿನಿಂದ ರಾಡ್ ಹೋಗದ ಕೆಲವು ಆಟೋಮ್ಯಾಟಿಕ್ ಮತ್ತು ಲಿವರ್ ರೈಫಲ್‌ಗಳಿವೆ, ಅಂಥವರು ಪುಲ್‌ಥ್ರೂ, ಅಂದರೆ ನಳಿಗೆಯೊಳಗೆ ಬಟ್ಟೆ ಎಳೆಯುವ ಹಗ್ಗ, ಬಳಸಲಿ. ಎನ್‌ಸಿಸಿಯಲ್ಲಿ ಇದ್ದವರಿಗೆ ಪುಲ್‌ಥ್ರೂ, ಚಿಂದಿ ಗೊತ್ತೇ ಇರುತ್ತದೆ. ಹಗ್ಗ ಹಳೆಯದಾಗಿ ಎಳೆ ಬಿಟ್ಟಿದ್ದರೆ ಎಸೆದುಬಿಡಿ. ನಳಿಗೆಯ ನಡುವೆ ಹಗ್ಗ ಕಿತ್ತುಹೋದರೆ ಅದನ್ನು ತೆಗೆಯುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಇನ್ನು ಕೆಲಸಕ್ಕೆ ಕೂರೋಣ. ಮೊದಲು ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ತೆರೆಯಿರಿ, ಚೇಂಬರನ್ನು ಕಣ್ಣಿಂದ ನೋಡಿ, ಕಿರುಬೆರಳಿನ ತುದಿಯಿಂದ ಮುಟ್ಟಿಯೂ ನೋಡಿ. ತೋಟಾ ಡಬ್ಬಿ ಆ ಕೋಣೆಯಲ್ಲೇ ಇರಕೂಡದು. ಈ ಮಾತನ್ನು ಎಲ್ಲರೂ ಹೇಳುತ್ತಾರೆ ಅಂತ ಹಾರಿಸಬೇಡಿ, ಖಾಲಿ ಅಂದುಕೊಂಡ ಕೋವಿ ಕ್ಲೀನ್ ಮಾಡುವಾಗ ಸಿಡಿದ ಸುದ್ದಿ ಪತ್ರಿಕೆಯಲ್ಲಿ ಓದಿರುತ್ತೀರಿ. ಬ್ರನೋದಲ್ಲಿ ಟ್ರಿಗರ್ ಒತ್ತಿ ಹಿಡಿದು ಬೋಲ್ಟನ್ನು ಹಿಂದಕ್ಕೆ ಎಳೆದರೆ ಪೂರ್ತಿ ಹೊರಗೆ ಬರುತ್ತದೆ, ಹಾಗಾಗಿ ಖಾಲಿ ಇದೆಯಾ ಅಂತ ನೋಡುವುದು ಅದಕ್ಕೂ ಮೊದಲೇ ಆಗಬೇಕು. ರೈಫಲ್ಲನ್ನು ಮೇಜಿನ ಮೇಲೆ ಬಟ್ಟೆ ಹಾಸಿ ಮಲಗಿಸಿ, ಬಾಯಿ ಚೂರು ತಗ್ಗಿನಲ್ಲಿರಲಿ. ಹಾಗಿದ್ದರೆ ಸಾಲ್ವೆಂಟ್ ಟ್ರಿಗರ್ ಕಡೆಗೆ, ಮರದ ಕಡೆಗೆ ಇಳಿಯುವುದಿಲ್ಲ.

ಮೊದಲ ಕೆಲಸ ಚೇಂಬರಿನದು. .22ರ ಕಂಚಿನ ಬ್ರಷ್ಷನ್ನು ಒಂದು ಗಿಡ್ಡ ಕಂಬಿಗೆ ಸಿಕ್ಕಿಸಿ, ಸಾಲ್ವೆಂಟ್‌ನಲ್ಲಿ ಅದ್ದಿ, ಚೇಂಬರಿನೊಳಗೆ ಮತ್ತು ಆ ಕಾರ್ಬನ್ ರಿಂಗ್ ಇರುವ ಜಾಗದವರೆಗೆ ಮಾತ್ರ ತಳ್ಳಿ ಕೈಯಲ್ಲೇ ನಿಧಾನಕ್ಕೆ ಸುತ್ತಿಸಿ. ಡ್ರಿಲ್ ಯಂತ್ರಕ್ಕೆ ಹಾಕಿ ತಿರುಗಿಸುವ ವಿಡಿಯೋಗಳಿವೆ, ಅವನ್ನು ನೋಡಿ ನಕ್ಕು ಬಿಟ್ಟುಬಿಡಿ. ಹತ್ತು ಹದಿನೈದು ನಿಮಿಷ ನೆನೆಯಲು ಬಿಟ್ಟು ಮತ್ತೆ ಸುತ್ತಿಸಿದರೆ ಗಟ್ಟಿ ಮಸಿಯೂ ಬಿಡುತ್ತದೆ. ವರ್ಷಗಳಿಂದ ಕೂತಿದ್ದರೆ ಒಂದೇ ದಿನಕ್ಕೆ ಹೋಗುವುದಿಲ್ಲ, ಎರಡು ಮೂರು ಸಲ ಮಾಡಿ. ಉಕ್ಕಿನ ತಂತಿ ಬ್ರಷ್ ಮಾತ್ರ ಬೇಡವೇ ಬೇಡ, ಅಪ್ಪನ ಪೆಟ್ಟಿಗೆಯಲ್ಲಿ ಇರುವುದು ಅದೇ ಆಗಿದ್ದರೆ ಅದನ್ನು ಬಾಗಿಲ ಕೀಲಿನ ತುಕ್ಕು ತೆಗೆಯುವುದಕ್ಕೆ ಇಟ್ಟುಕೊಳ್ಳಿ.

ಆಮೇಲೆ ನಳಿಗೆ. ಬೋರ್ ಗೈಡ್ ಹಾಕಿ, ರಾಡಿನ ತುದಿಯ ಜ್ಯಾಗ್‌ಗೆ (ಬಟ್ಟೆ ಸಿಕ್ಕಿಸುವ ಮೊನೆ) ಸಾಲ್ವೆಂಟ್‌ನಲ್ಲಿ ತೋಯಿಸಿದ ಒಂದು ಬಟ್ಟೆ ಚೂರು ಚುಚ್ಚಿ, ಒಂದೇ ನಿಧಾನದ ತಳ್ಳಿಗೆ ಬಾಯಿಯಿಂದ ಆಚೆ ಹೋಗುವ ಹಾಗೆ ಕಳಿಸಿ. ಅಲ್ಲಿ ಬಟ್ಟೆ ತಾನೇ ಬಿದ್ದುಹೋಗಲಿ, ಬರೀ ರಾಡನ್ನು ಮೆಲ್ಲಗೆ ಹಿಂದೆ ಎಳೆದುಕೊಳ್ಳಿ. ಬಟ್ಟೆ ಸಮೇತ ಹಿಂದೆ ಎಳೆದರೆ ಹೊರಹಾಕಿದ ಕೊಳೆಯನ್ನೇ ಮತ್ತೆ ಒಳಗೆ ತಂದ ಹಾಗಾಯಿತು. ಐದು ಹತ್ತು ನಿಮಿಷ ಬಿಟ್ಟು ಒಣ ಬಟ್ಟೆ ಎರಡು ಮೂರು. ಕೊನೆಯದು ಬೂದು ಬಣ್ಣದಲ್ಲಿ ಬಂದರೆ ನಿಲ್ಲಿಸಿಬಿಡಿ. ಬಿಳಿ ಬರಲಿ ಅಂತ ಹಠ ಬೇಡ. ಬಟ್ಟೆ ಅಂದರೆ ಹಳೆಯ ಬನಿಯನ್ನು, ಹಳೆಯ ಪಂಚೆ, ಪೂರ್ತಿ ಹತ್ತಿಯದ್ದಾದರೆ ಸಾಕು. ಸುಮಾರು 25 ಮಿ.ಮೀ. ಚೌಕ ಕತ್ತರಿಸಿ ನೋಡಿ, ಬಟ್ಟೆಯ ದಪ್ಪಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಪಾಲಿಸ್ಟರ್ ಬಟ್ಟೆ ಏನನ್ನೂ ಹೀರುವುದಿಲ್ಲ. ತೀರಾ ಬಿಗಿಯಾಗಿ ನಡುವೆ ಸಿಕ್ಕಿಕೊಂಡರೆ ಸುತ್ತಿಗೆ ಹಿಡಿಯಬೇಡಿ, ಆ ಕಡೆಯಿಂದ ಎಣ್ಣೆ ಬಿಟ್ಟು ನೆನೆಸಿ ಹಿಂದಕ್ಕೆ ಎಳೆಯಿರಿ. ಜರ್ಮನಿಯ ಸ್ಪರ್ಧಾಳುಗಳು ಬಟ್ಟೆಗೆ ಬದಲು ಒತ್ತಿದ ಉಣ್ಣೆಯ ಸಣ್ಣ ಬಿರಡೆಗಳನ್ನು ಬಳಸುತ್ತಾರೆ. ಸಿಕ್ಕಿದರೆ ತೆಗೆದುಕೊಳ್ಳಿ, ಅಳತೆಯ ತಲೆನೋವೇ ಇಲ್ಲ.

ಉದ್ದಕ್ಕೂ ಬ್ರಷ್ ಯಾವಾಗ ಹಾಕಬೇಕು? ಸೀಸ ಕಟ್ಟಿದೆ ಅನ್ನಿಸಿದಾಗ ಮಾತ್ರ. ಬಾಯಿಯ ಕಡೆಯಿಂದ ನೋಡಿ, ಚೇಂಬರ್ ಹತ್ತಿರ ಬಿಳಿ ಕಾಗದ ಹಿಡಿದು ಅದಕ್ಕೆ ಬೆಳಕು ಬಿಟ್ಟರೆ ಒಳಗೆಲ್ಲ ಕಾಣಿಸುತ್ತದೆ. ಗೆರೆಗಳ ಅಂಚಿನಲ್ಲಿ ಬೂದು ಬಣ್ಣದ ಪಟ್ಟಿ ಅಂಟಿದ್ದರೆ ಅದು ಸೀಸ. ಒಣಗಿದ ಬಟ್ಟೆಯಲ್ಲಿ ಬೆಳ್ಳಿಯ ಹಾಗೆ ಮಿನುಗುವ ಚೂರು ಕಂಡರೂ ಅದೇ. ಆಗ ಕಂಚಿನ ಬ್ರಷ್, ಐದಾರು ಸಲ, ಪ್ರತಿ ಸಲವೂ ಬಾಯಿಯ ಆಚೆಗೆ ಪೂರ್ತಿ ಹೋಗಬೇಕು. ನಡುವೆ ದಿಕ್ಕು ಬದಲಿಸಿದರೆ ಬಿರುಗೂದಲು ಮಡಚಿ ಬ್ರಷ್ ಅಲ್ಲೇ ಕಚ್ಚಿಕೊಳ್ಳುತ್ತದೆ. ತಾಮ್ರ ತೆಗೆಯುವ ಅಮೋನಿಯಾ ಸಾಲ್ವೆಂಟ್ ಕೊಳ್ಳಲು ಹೋಗಬೇಡಿ. ಸೀಸದ ಗುಂಡು ಹೊಡೆಯುವ ನಳಿಗೆಯಲ್ಲಿ ತಾಮ್ರವೇ ಇರುವುದಿಲ್ಲ. ಈಗ ಫೋನಿಗೆ ಸಿಕ್ಕಿಸುವ ಅಗ್ಗದ ಬೋರ್‌ಸ್ಕೋಪ್ ಕ್ಯಾಮರಾ ಬಂದಿವೆ. ಚೆನ್ನಾಗಿವೆ, ಆದರೆ ಕೊಂಡ ದಿನದಿಂದ ಅದರಲ್ಲಿ ಕಂಡ ಪ್ರತಿ ಗೀರನ್ನೂ ರೋಗ ಅಂದುಕೊಂಡು ಉಜ್ಜುವುದಕ್ಕೆ ಶುರು ಮಾಡುತ್ತಾರೆ ಜನ. ಕಾಗದದ ಮೇಲೆ ಗುಂಡುಗಳು ಒಟ್ಟಿಗೆ ಬೀಳುತ್ತಿದ್ದರೆ ಕ್ಯಾಮರಾ ಏನು ತೋರಿಸಿದರೂ ಸುಮ್ಮನಿರಿ.

ನಿಮ್ಮಷ್ಟು ಬಳಕೆಗೆ ನನ್ನ ಲೆಕ್ಕ ಇಷ್ಟು. ಹೊಡೆದ ದಿನ ಚೇಂಬರ್ ಮತ್ತು ಬೋಲ್ಟಿನ ಮುಖ ಒರೆಸಿ, ನಳಿಗೆಗೆ ಒಂದು ಒಣ ಬಟ್ಟೆ, ಆಮೇಲೆ ಎಣ್ಣೆಯ ಒಂದು ಬಟ್ಟೆ. ಸಾಲ್ವೆಂಟ್ ಹಾಕಿ ಪೂರ್ತಿ ಮಾಡುವುದು ಕೆಲವು ನೂರು ಗುಂಡು ಆದ ಮೇಲೆ, ಇಲ್ಲವೇ ಗುಂಡುಗಳು ಒಟ್ಟಿಗೆ ಬೀಳದೆ ಚದುರುತ್ತಿವೆ ಅನ್ನಿಸಿದಾಗ. ದಿನಾ ಅಭ್ಯಾಸ ಮಾಡುವ ನಿಮ್ಮ ಗೆಳೆಯನಿಗೆ ಈ ಎಣ್ಣೆಯ ಬಟ್ಟೆಯೂ ಬೇಕಿಲ್ಲ, ಅವನ ರೈಫಲ್ ನಾಳೆ ಮತ್ತೆ ಹೊರಗೆ ಬರುತ್ತದೆ. ನಿಮ್ಮದು ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಕೂರುತ್ತದೆ, ಅದೂ ಕೊಡಗಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯಲ್ಲಿ. ಇಬ್ಬರಿಗೂ ಒಂದೇ ನಿಯಮ ಹೇಗೆ ಆಗುತ್ತದೆ?

ತೆಂಗಿನೆಣ್ಣೆಗೆ ಬರೋಣ. 24 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಗಟ್ಟಿಯಾಗುವ ಎಣ್ಣೆ ಅದು. ಮಡಿಕೇರಿಯ ಡಿಸೆಂಬರ್ ಬೆಳಿಗ್ಗೆ ಬೋಲ್ಟಿನೊಳಗಿನ ಸ್ಪ್ರಿಂಗ್ ಮೇಲೆ ಅದು ಹೆಪ್ಪುಗಟ್ಟಿ ಕೂತರೆ ಪಿನ್ ಜೋರಾಗಿ ಬಡಿಯುವುದಿಲ್ಲ, ತೋಟಾ ಸಿಡಿಯುವುದಿಲ್ಲ. ಹಳೆಯದಾದಂತೆ ಕಮಟು ವಾಸನೆ ಬಂದು ಅಂಟಂಟಾಗುತ್ತದೆ, ಆ ಅಂಟಿಗೆ ಧೂಳು ಹಿಡಿಯುತ್ತದೆ. ಅಡುಗೆಯ ಯಾವ ಎಣ್ಣೆಯೂ ಬೇಡ. ಗಾಡಿಯಿಂದ ತೆಗೆದ ಹಳೆಯ ಎಂಜಿನ್ ಆಯಿಲ್ ಇನ್ನೂ ಬೇಡ, ಅದರಲ್ಲಿ ಆಮ್ಲ, ಲೋಹದ ಪುಡಿ ಎಲ್ಲಾ ಇರುತ್ತವೆ. ಸೀಮೆಎಣ್ಣೆ ಮಸಿ ಬಿಡಿಸುತ್ತದೆ ನಿಜ, ಆದರೆ ಅದು ಆರಿಹೋದ ಮೇಲೆ ಉಕ್ಕು ಬರಿಮೈಯಲ್ಲಿ ನಿಲ್ಲುತ್ತದೆ, ಹಾಗಾಗಿ ಮೇಲೆ ಎಣ್ಣೆ ಸವರಲೇಬೇಕು. ಪೆಟ್ರೋಲ್ ಮನೆಯೊಳಗೆ ತರಲೇಬೇಡಿ. ಡಬ್ಲ್ಯೂಡಿ-40 ಒದ್ದೆಯಾದ ಕೋವಿಯಿಂದ ನೀರು ಓಡಿಸುವುದಕ್ಕೆ ಚೆನ್ನ, ಮಳೆಗಾಲ ಪೂರ್ತಿ ಕಾಯುವುದಕ್ಕೆ ಸಾಲದು. ಹೋಪ್ಸ್ ನಂಬರ್ 9 ಸಾಲ್ವೆಂಟ್, ಬ್ಯಾಲಿಸ್ಟಾಲ್ ಎಣ್ಣೆ ಇಂಥವು ನೂರು ವರ್ಷ ಮೀರಿದ ಹೆಸರುಗಳು, ಗನ್ ಅಂಗಡಿಯಲ್ಲಿ ಸಿಕ್ಕಿದರೆ ತೆಗೆದುಕೊಳ್ಳಿ. ಏನೂ ಸಿಗದಿದ್ದರೆ ಹೊಲಿಗೆ ಯಂತ್ರಕ್ಕೆ ಹಾಕುವ ತಿಳಿ ಎಣ್ಣೆ. ನಿಮ್ಮ ಊರಿನ ಅಂಗಡಿಯಲ್ಲೇ ಸಿಗುತ್ತದೆ, ನನಗೆ ಅದರ ಬಗ್ಗೆ ಯಾವ ತಕರಾರೂ ಇಲ್ಲ. ಎಷ್ಟು ಹಾಕಬೇಕು ಅಂದರೆ, ಬಟ್ಟೆಗೆ ಎರಡು ಹನಿ, ಅಷ್ಟೇ. ನಳಿಗೆಯೊಳಗೆ ಸುರಿಯಬೇಡಿ. ಸುರಿದದ್ದು ಚೇಂಬರ್ ದಾಟಿ ಇಳಿದು ಹಿಂದಿನ ಮರ ಕುಡಿಯುತ್ತದೆ, ವರ್ಷ ಕಳೆದಂತೆ ಆ ಮರ ಕಪ್ಪಾಗಿ ಮೆತ್ತಗಾಗುತ್ತದೆ.

ಹೊಡೆಯುವ ಮುಂಚೆ ಆ ಎಣ್ಣೆಯನ್ನು ಒಣ ಬಟ್ಟೆಯಿಂದ ತೆಗೆದುಬಿಡಬೇಕು, ಚೇಂಬರಿನದು ಮುಖ್ಯವಾಗಿ. ಎಣ್ಣೆಯಿದ್ದರೆ ಮೊದಲ ಗುಂಡು ಬೇರೆ ಕಡೆ ಹೋಗುತ್ತದೆ. ಒರೆಸಿದ ಮೇಲೆ ನಳಿಗೆಯ ಮೂಲಕ ಆಕಾಶ ಕಾಣಿಸುತ್ತದಾ ಅಂತ ನೋಡಿ. ನಮ್ಮ ಕಡೆ ಇದು ಸುಮ್ಮನೆ ಹೇಳುವ ಮಾತಲ್ಲ, ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ 5.6 ಮಿ.ಮೀ. ತೂತು ಅಂದರೆ ಬಲು ಇಷ್ಟ. ಒಳಗೆ ಮಣ್ಣಿದ್ದಾಗ ಹೊಡೆದರೆ ನಳಿಗೆ ಉಬ್ಬುತ್ತದೆ, ಆಮೇಲೆ ಯಾರೂ ಸರಿಮಾಡಲಾರರು. ಹಾಗೆಯೇ ಹೊಡೆದಾಗ ಸದ್ದು ಮಂಕಾಗಿ ಪುಸ್ ಅಂದರೆ ಅಲ್ಲೇ ನಿಲ್ಲಿಸಿ. ಬಾಯಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದುಕೊಂಡು ಸ್ವಲ್ಪ ಹೊತ್ತು ಕಾದು, ಬೋಲ್ಟ್ ತೆಗೆದು, ಗುಂಡು ನಡುವೆ ಸಿಕ್ಕಿಕೊಂಡಿದೆಯಾ ನೋಡಿ. ಇನ್ನೊಂದು ಗುಂಡಿನಿಂದ ಅದನ್ನು ಆಚೆ ತಳ್ಳುವ ಸಾಹಸ ಮಾಡುವವರು ಇದ್ದಾರೆ. ನೀವು ಆಗಬೇಡಿ.

ಮಳೆಗಾಲಕ್ಕೆ ಇನ್ನೆರಡು ಮಾತು. ಚರ್ಮದ ಅಥವಾ ಕ್ಯಾನ್ವಾಸ್ ಚೀಲದಲ್ಲಿ ಇಡಬೇಡಿ, ಚೀಲ ನೀರು ಹೀರಿ ಕೋವಿಗೆ ಕೊಡುತ್ತದೆ. ಬೀಗ ಹಾಕಿದ ಕಪಾಟಿನಲ್ಲಿ, ಗೋಡೆಗೆ ತಾಗದ ಹಾಗೆ, ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಟ್ಟು ನಿಲ್ಲಿಸಿ. ಬಾಯಿ ಕೆಳಗೆ ಮಾಡಿ ಬಟ್ಟೆಯ ಮೇಲೆ ನಿಲ್ಲಿಸಿದರೆ ಹೆಚ್ಚಾದ ಎಣ್ಣೆ ಮರಕ್ಕೆ ಇಳಿಯದೆ ಮುಂದಕ್ಕೆ ಬರುತ್ತದೆ. ಹೊಡೆಯದೆ ಇದ್ದರೂ ಹದಿನೈದು ದಿನಕ್ಕೊಮ್ಮೆ ತೆಗೆದು, ಹೊರಮೈಯನ್ನು ಎಣ್ಣೆ ಬಟ್ಟೆಯಿಂದ ಒರೆಸಿ, ನಳಿಗೆಗೆ ಒಂದು ಬಟ್ಟೆ ಕಳಿಸಿ. ಬೆರಳಿನ ಬೆವರೇ ಸಾಕು ಆ ಹಳೆಯ ಬ್ರನೋದ ಕಪ್ಪು ಬಣ್ಣದ ಮೇಲೆ ತುಕ್ಕಿನ ಅಚ್ಚು ಮೂಡಿಸುವುದಕ್ಕೆ, ನೋಡಲು ಬಂದ ನೆಂಟರೆಲ್ಲ ಮುಟ್ಟಿ ಹೋದ ಮೇಲೆ ತಪ್ಪದೆ ಒರೆಸಿಡಿ. ತೋಟಾಗಳನ್ನೂ ಜೇಬಿನಲ್ಲಿ ಬಿಡಿಯಾಗಿ ಹಾಕಿಕೊಳ್ಳಬೇಡಿ. ಮೇಣಕ್ಕೆ ತೋಟದ ಧೂಳು ಅಂಟುತ್ತದೆ, ಅದೇ ಧೂಳು ನಳಿಗೆಯನ್ನು ಕೆರೆಯುತ್ತದೆ.

ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಗಮನಿಸಿ. ಆ ಕಪ್ಪು ಮಸಿಯಲ್ಲಿ ಸೀಸ ಇದೆ, ಗುಂಡಿನದೂ ಪ್ರೈಮರಿನದೂ. ಊಟದ ಮೇಜಿನ ಮೇಲೆ, ಅಡುಗೆಮನೆಯಲ್ಲಿ ಈ ಕೆಲಸ ಬೇಡ. ಗಾಳಿಯಾಡುವ ಜಗುಲಿಯಲ್ಲಿ ಕೂತು, ಕೈಗೆ ಗವಸು ಹಾಕಿ ಮಾಡಿ. ನಡುವೆ ಬೀಡಿ, ಎಲೆಅಡಿಕೆ, ಕಾಫಿ ಯಾವುದೂ ಬೇಡ. ನಳಿಗೆಗೆ ಬಾಯಿಟ್ಟು ಊದುವ ಅಭ್ಯಾಸ ಕೆಲವರಿಗಿದೆ, ಅದನ್ನು ಇವತ್ತೇ ಬಿಡಿ. ಬಳಸಿದ ಬಟ್ಟೆಗಳನ್ನು ಒಲೆಗೆ ಹಾಕಿ ಸುಡಬೇಡಿ, ಒಂದು ಡಬ್ಬದಲ್ಲಿ ಮುಚ್ಚಿ ಕಸಕ್ಕೆ ಹಾಕಿ. ಕೊನೆಗೆ ಸೋಪು ಹಾಕಿ ಕೈ ಚೆನ್ನಾಗಿ ತೊಳೆಯಿರಿ.

ಇಷ್ಟೆಲ್ಲ ಮಾಡಿದ ಮೇಲೂ ಗುಂಡು ಚದುರಿದರೆ ನಳಿಗೆಯನ್ನು ಬಯ್ಯಬೇಡಿ. ಮರಕ್ಕೂ ನಳಿಗೆಗೂ ಹಿಡಿದಿರುವ ತಿರುಪು ಮಳೆಗಾಲದಲ್ಲಿ ಮರ ಉಬ್ಬಿ ಕುಗ್ಗಿ ಸಡಿಲ ಆಗಿರುತ್ತದೆ, ಮೊದಲು ಅದನ್ನು ನೋಡಿ. ಸ್ಕೋಪ್ ಇದ್ದರೆ ಅದರ ಹಿಡಿತ ನೋಡಿ. ಆಮೇಲೆ ಬೇರೆ ಕಂಪನಿಯ ಗುಂಡು ಒಂದು ಡಬ್ಬಿ ತಂದು ಹೊಡೆದು ನೋಡಿ, .22ಗಳಿಗೆ ಗುಂಡಿನ ವಿಷಯದಲ್ಲಿ ಭಾರೀ ಹಠ.

ಅಪ್ಪನಿಗೆ ಏನು ಹೇಳಬೇಕು ಅಂತ ಕೇಳುವಿರಿ. ಅವರ ಕೇಪಿನ ಕೋವಿ ಮನೆಯಲ್ಲಿ ಇನ್ನೂ ಇದ್ದರೆ ಅದಕ್ಕೆ ಅವರ ಪದ್ಧತಿಯೇ ಸರಿ, ಬಿಸಿನೀರು ಸಮೇತ, ಒಂದಿಷ್ಟೂ ಬದಲಿಸಬೇಡಿ. ಆಯುಧ ಪೂಜಿಸುವ ಕೊಡವ ಹಬ್ಬ ಕೈಲ್ ಮುಹೂರ್ತಕ್ಕೆ ಎರಡನ್ನೂ ಪೂಜೆಗೆ ಇಡುತ್ತೀರಿ, ಬಾಯಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸುತ್ತೀರಿ. .22ರ ಪೂರ್ತಿ ಕ್ಲೀನಿಂಗ್ ಹಬ್ಬಕ್ಕೆ ಒಂದೆರಡು ವಾರ ಮುಂಚೆಯೇ ಮುಗಿಸಿ, ಅಭ್ಯಾಸದಲ್ಲಿ ಹತ್ತು ಹದಿನೈದು ಗುಂಡು ಹೊಡೆದು ನಳಿಗೆ ತಯಾರು ಮಾಡಿಟ್ಟುಕೊಳ್ಳಿ. ಪೂಜೆ ಆದ ಮೇಲೆ ಹೂವು ತೆಗೆದು, ಮೈಮೇಲಿನ ಗಂಧ ಒರೆಸಿ, ಬಾಯಿಯಲ್ಲಿ ಎಸಳು ಪರಾಗ ಏನೂ ಉಳಿದಿಲ್ಲ ಅಂತ ಟಾರ್ಚ್ ಬಿಟ್ಟು ನೋಡಿ, ಒಂದು ಒಣ ಬಟ್ಟೆ ಕಳಿಸಿ, ಆಮೇಲೆ ತೆಂಗಿನಕಾಯಿ ಕಡೆ ಹೊರಡಿ.